ಅತ್ತೆಯ ಕಣ್ಣು, ಅಳಿಯನ ತಣ್ಣನೆ ಕ್ಯಾಮೆರಾ

ಅತ್ತೆಯ ಒಂದು ಫೋಟೋಕ್ಕೆ ಅಳಿಯನಿಗೆ ತಗಲಿದ ಖರ್ಚು ಹೀಗಿತ್ತು. ಬಿಸ್ಕತ್ತಿನಷ್ಟೇ ಅಗಲ, ಅಷ್ಟೇ ದಪ್ಪ ಇರುವ, ಕರೆಂಟು ಕೊಟ್ಟರೆ ತಣ್ಣಗಾಗುವ ಪೆಲ್ಟಿಯರ್ ಬಿಲ್ಲೆ ಒಂದಕ್ಕೆ ಹೋಟೆಲಿನ ಒಂದು ಊಟದ ಬೆಲೆ. ಒಂದಾದ ಮೇಲೊಂದು ಸುಟ್ಟುಕೊಂಡದ್ದರಿಂದ ಮನೆಮಂದಿಯೆಲ್ಲ ಉಂಡೇಳುವಷ್ಟು. ಅದರ ಬೆನ್ನಿಗೆ ಅಂಟಿಸಿ ಬಿಸಿ ಹೊರಹಾಕಲು ಬೇಕಾದ ಅಲ್ಯೂಮಿನಿಯಂ ರೆಕ್ಕೆಗಳ ಗಟ್ಟಿ ಹಳೇ ಕಂಪ್ಯೂಟರಿನಿಂದ ಕಿತ್ತದ್ದು, ಪುಕ್ಕಟೆ. ಕೀಳುವಾಗ ಕೊಯ್ದುಕೊಂಡ ಹೆಬ್ಬೆರಳಿನ ಔಷಧಿ ಪುಕ್ಕಟೆಯಲ್ಲ. ಫ್ಯಾನು ಹೆಂಡತಿಯ ಕೂದಲು ಒಣಗಿಸುವ ಯಂತ್ರದ್ದು. ಅದೂ ಪುಕ್ಕಟೆಯೆಂದೇ ಅವನು ಬರೆದುಕೊಂಡಿದ್ದ. ಆಮೇಲೆ ಹೊಸ ಯಂತ್ರ ತಂದುಕೊಡಬೇಕಾಗಿ ಬಂದು ಅದೇ ಎಲ್ಲಕ್ಕಿಂತ ದೊಡ್ಡ ಬಾಬತ್ತಾಯಿತು. ಇನ್ನು ಊಟಕ್ಕೆ ಕೂತಾಗ ಬಾಯಿಂದ ಜಾರಿದ ಒಂದು ಮಾತು. ಅದಕ್ಕೆ ಕಾಸು ಬಿದ್ದಿರಲಿಲ್ಲ, ಆದರೆ ಉಳಿದ ಖರ್ಚೆಲ್ಲ ಹುಟ್ಟಿದ್ದು ಅದರ ಹೊಟ್ಟೆಯಲ್ಲೇ.

ಈ ಅಳಿಯನನ್ನು ಊರು ತಂಪಣ್ಣ ಎಂದು ಕರೆಯುತ್ತಿತ್ತು. ಫ್ರಿಜ್ ರಿಪೇರಿ ಅವನ ಕಸುಬು. ತೀರಿಕೊಂಡವರನ್ನು ದೂರದ ನೆಂಟರು ಬರುವವರೆಗೆ ಇಡುವ ಒಂದು ತಣ್ಣನೆಯ ಪೆಟ್ಟಿಗೆಯನ್ನೂ ಅಂಗಡಿಯ ಹಿಂದೆ ಬಾಡಿಗೆಗೆಂದು ಇಟ್ಟಿದ್ದ. ಹಾಲಿನಿಂದ ಹಿಡಿದು ಹೆಣದವರೆಗೆ ಊರಿನಲ್ಲಿ ಏನೇನು ಕೆಡಬಾರದೋ ಅದೆಲ್ಲ ಅವನ ಜವಾಬ್ದಾರಿ. ಕೆಲಸದಲ್ಲಿ ಕೈ ಚುರುಕು, ಮನಸ್ಸು ಒಳ್ಳೆಯದು, ದೋಷ ಒಂದೇ: ಎದುರಿಗೆ ಯಾರಾದರೂ ಆಗೋದಿಲ್ಲ ಎಂದರೆ ಸಾಕು, ನಾನು ಮಾಡ್ತೀನಿ ಎಂದುಬಿಡುತ್ತಿದ್ದ. ಅದು ಏನು ಕೆಲಸ ಎಂದು ವಿಚಾರಿಸುತ್ತಿದ್ದದ್ದು ಆಮೇಲೆ.

ಅವನ ಅತ್ತೆ ಹೆರಿಗೆ ಆಸ್ಪತ್ರೆಯಲ್ಲಿ ಇಡೀ ಆಯುಷ್ಯ ದುಡಿದು ನಿವೃತ್ತರಾದವರು. ಈಗ ಮಗಳು ಅಳಿಯನ ಮನೆಯಲ್ಲೇ ಇದ್ದರು. ಊರಿಗೆಲ್ಲ ನರ್ಸಮ್ಮ. ಊರಿನ ಅರ್ಧ ಜನಕ್ಕೆ ಬೆನ್ನ ಮೇಲೆ ಮೊದಲ ಏಟು ಕೊಟ್ಟು ಅಳಿಸಿದವರು ಅವರೇ, ಉಳಿದರ್ಧ ಜನ ಆ ಅರ್ಧದ ನೆಂಟರು. ಈಗ ಆಸ್ಪತ್ರೆಗೆ ಹೊಸ ಹೆರಿಗೆ ವಾರ್ಡು ಕಟ್ಟಿದ್ದರು. ಅದರ ಬಾಗಿಲ ಮೇಲಿನ ಗೋಡೆಯಲ್ಲಿ ನರ್ಸಮ್ಮನ ಫೋಟೋ ಹಾಕಬೇಕೆಂದು ದೊಡ್ಡ ಡಾಕ್ಟರಮ್ಮ ನಿರ್ಧರಿಸಿದ್ದರು. ಭಾನುವಾರ ಉದ್ಘಾಟನೆ. ಷರತ್ತು ಒಂದೇ, ಫೋಟೋದಲ್ಲಿ ಕಣ್ಣು ತೆರೆದಿರಬೇಕು. ಹೆರಲು ಬರುವ ಹುಡುಗಿಯರು ತಲೆಯೆತ್ತಿದಾಗ ಕಣ್ಣು ಮುಚ್ಚಿದ ಮುದುಕಿಯೊಬ್ಬಳು ಕಾಣಿಸಿದರೆ ಏನೆಂದುಕೊಂಡಾರು? ಶನಿವಾರ ಸಂಜೆಯೊಳಗೆ ಫೋಟೋ ಬರದಿದ್ದರೆ ವಾರ್ಡಿಗೆ ಬಣ್ಣ ದಾನ ಮಾಡಿದ ಪೇಂಟ್ ಅಂಗಡಿಯ ಸಾಹುಕಾರರಿಗೆ ಆ ಜಾಗ ಹೋಗುತ್ತಿತ್ತು. ಅವರು ಆಗಲೇ ಐದು ಭಂಗಿಗಳಲ್ಲಿ ಫೋಟೋ ತೆಗೆಸಿ ಕಳಿಸಿದ್ದರು, ಐದರಲ್ಲೂ ಕಣ್ಣು ತೆರೆದಿತ್ತು.

ಅತ್ತೆಯದು ಒಂದರಲ್ಲೂ ತೆರೆದಿರಲಿಲ್ಲ. ಮದುವೆಯ ಫೋಟೋದಿಂದ ನಿವೃತ್ತಿಯ ಫೋಟೋದವರೆಗೆ ಅವರು ಕಣ್ಣು ಮುಚ್ಚಿಕೊಂಡೇ ಬಾಳಿದ್ದರು. ಫ್ಲ್ಯಾಶಿನ ಬೆಳಕು ಬೀಳುವ ಮೊದಲೇ ಅವರಿಗೆ ಅದರ ಸುಳಿವು ಹತ್ತಿ, ರೆಪ್ಪೆಗಳು ಅಂಗಡಿಯ ಷಟರಿನಂತೆ ದಡಕ್ಕನೆ ಇಳಿಯುತ್ತಿದ್ದವು. ಕಣ್ಣಿನ ಪೊರೆ ತೆಗೆಸಿದ ಮೇಲಂತೂ ಹಗಲಿನ ಬೆಳಕೂ ಆಗುತ್ತಿರಲಿಲ್ಲ. ಕಿಟಕಿ ಮುಚ್ಚಿದ ಕೋಣೆಯ ಮಬ್ಬಿನಲ್ಲಿ ಮಾತ್ರ ಅವರ ಕಣ್ಣು ಗೂಬೆಯ ಕಣ್ಣಿನಂತೆ ಅರಳಿಕೊಳ್ಳುತ್ತಿತ್ತು.

ದೊಡ್ಡ ಅಳಿಯ, ಅಂದರೆ ತಂಪಣ್ಣನ ಷಡ್ಡಕ, ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟವರು. ತಂಪಣ್ಣ ಅವರನ್ನು ಕರೆಯುತ್ತಿದ್ದದ್ದು ಭಾವ ಎಂದು. ಮುಂದಿನಿಂದ, ಬದಿಯಿಂದ, ಒಂದು ಸಲ ಮಂಚದಡಿಯಿಂದಲೂ ತೆಗೆದು ಸೋತ ಈ ಭಾವ ಕೊನೆಗೆ ಅತ್ತೆಯ ಮುಚ್ಚಿದ ರೆಪ್ಪೆಗಳ ಮೇಲೆ ಬೇರೊಬ್ಬ ಗಿರಾಕಿಯ ಕಣ್ಣು ಅಂಟಿಸಿ ತಂದಿದ್ದರು. ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಮುಖ ನನ್ನದೇ ಸರಿ, ಆದರೆ ಒಳಗಿಂದ ನೋಡ್ತಾ ಇರೋನು ಯಾರು, ಎಂದು ಕೇಳಿದರು. ಅದು ಬಸ್ಸಿನ ಕಂಡಕ್ಟರೊಬ್ಬನ ಕಣ್ಣು. ಚಿಲ್ಲರೆ ಕೇಳುವಂತಿತ್ತು.

ಇದೆಲ್ಲ ಊಟದ ಮೇಜಿನ ಸುತ್ತ ನಡೆದದ್ದು. ಭಾವ ತಟ್ಟೆಯಲ್ಲಿ ಕೈಯಿಟ್ಟುಕೊಂಡೇ ತೀರ್ಪು ಕೊಟ್ಟರು. ಅತ್ತೆಯ ಕಣ್ಣು ತೆರೆದ ಫೋಟೋ ಬೇಕಾದರೆ ಮಬ್ಬಿನಲ್ಲಿ ತೆಗೆಯಬೇಕು, ಮಬ್ಬಿನಲ್ಲಿ ತೆಗೆದರೆ ಮುಖದ ತುಂಬ ಮರಳು ಎರಚಿದ ಹಾಗೆ ಬರುತ್ತದೆ, ಆದ್ದರಿಂದ ಯಾರ ಕೈಲೂ ಆಗೋದಿಲ್ಲ.

ಆಗೋದಿಲ್ಲ ಎಂದ ಕೂಡಲೇ ತಂಪಣ್ಣನ ತುತ್ತು ಅರ್ಧ ದಾರಿಯಲ್ಲಿ ನಿಂತಿತು.

“ಅದು ಬೆಳಕಿನ ಸಮಸ್ಯೆನೇ ಅಲ್ಲ ಭಾವ. ಸೆಕೆಯ ಸಮಸ್ಯೆ,” ಎಂದ. “ನಾನು ತೆಗೀತೀನಿ.”

ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾಗದ ಮಾತಿಗೆ ಮನೆಯಲ್ಲಿ ಸ್ವಲ್ಪ ಹೊತ್ತು ಮರ್ಯಾದೆ ಸಿಗುತ್ತದೆ. ಆ ಮರ್ಯಾದೆಯ ಬಲದಲ್ಲಿ ತಂಪಣ್ಣ ಕಾಲೇಜಿನ ಕಥೆ ಹೇಳಿದ. ಅಲ್ಲಿನ ಪ್ರಯೋಗಾಲಯದ ಫ್ರಿಜ್ಜು ರಿಪೇರಿಗೆ ಹೋದಾಗ ಸೂಕ್ಷ್ಮದರ್ಶಕದ ಮೇಲೆ ಕೂರಿಸಿದ್ದ ಒಂದು ಕ್ಯಾಮೆರಾ ನೋಡಿದ್ದ. ಅದರ ಬೆನ್ನಿಗೊಂದು ತಣ್ಣನೆಯ ಬಿಲ್ಲೆ. ಗ್ಯಾಸಿಲ್ಲ, ಕಂಪ್ರೆಸರ್ ಇಲ್ಲ, ಕರೆಂಟು ಕೊಟ್ಟರೆ ಬಿಲ್ಲೆಯ ಒಂದು ಮುಖ ತಣ್ಣಗಾಗಿ, ಅಲ್ಲಿನ ಬಿಸಿಯೆಲ್ಲ ಇನ್ನೊಂದು ಮುಖಕ್ಕೆ ಹೋಗುತ್ತದೆ. ಇದು ಯಾಕೆಂದು ಕೇಳಿದ್ದಕ್ಕೆ ಪ್ರಯೋಗಾಲಯದ ಹೆಂಗಸು ನಕ್ಕು ವಿವರಿಸಿದ್ದಳು. ಫೋಟೋ ಹಿಡಿಯುವ ಸೆನ್ಸರಿಗೆ ಸೆಕೆಯಾದರೆ ಭ್ರಮೆ ಹಿಡಿಯುತ್ತದೆ, ಕತ್ತಲಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಇಲ್ಲದ ಚುಕ್ಕೆಗಳನ್ನೆಲ್ಲ ಇದೆ ಎನ್ನುತ್ತದೆ. ತಣ್ಣಗಿಟ್ಟರೆ ತೆಪ್ಪಗಿದ್ದು, ಬಂದ ಬೆಳಕನ್ನಷ್ಟೇ ಲೆಕ್ಕ ಹಾಕುತ್ತದೆ. ಅಂಥದ್ದೇ ಒಂದು ಹಳೇ ಕ್ಯಾಮೆರಾ, ಬಿಲ್ಲೆ ಕೆಟ್ಟದ್ದು, ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಅವಳು ತಂಪಣ್ಣನಿಗೆ ಕೊಟ್ಟಿದ್ದಳು.

“ಅತ್ತೇನ ಒಂದು ನಿಮಿಷ ಮಬ್ಬಿನಲ್ಲಿ ಕೂರಿಸಿ ಬಿಡೋದು ಅಷ್ಟೇ,” ಎಂದ ತಂಪಣ್ಣ. “ನಡುವೆ ಕಣ್ಣು ಪಿಳುಕಿಸಿದರೂ ಚಿಂತೆಯಿಲ್ಲ. ಅರವತ್ತು ಸೆಕೆಂಡಲ್ಲಿ ಒಂದು ಪಿಳುಕು ಯಾವ ಲೆಕ್ಕ?”

“ಒಂದು ನಿಮಿಷ ಮಾತಾಡದೆ ಕೂರಬೇಕಾ?” ಎಂದು ಅವನ ಹೆಂಡತಿ ಕೇಳಿದಳು.

“ಹೌದು.”

ಅಮ್ಮನ ಮುಖ, ಗಂಡನ ಮುಖ ಎರಡನ್ನೂ ನೋಡಿ ಅವಳು ಎದ್ದು ಕೈ ತೊಳೆಯಲು ಹೋದಳು.

ಮೊದಲ ಪ್ರಯತ್ನದಲ್ಲಿ ತಂಪಣ್ಣ ವೈರುಗಳನ್ನು ಅದಲುಬದಲು ಮಾಡಿ ಕೊಟ್ಟ. ಈ ಬಿಲ್ಲೆಯ ಗುಣವೇನೆಂದರೆ, ವೈರು ತಿರುಗಿಸಿ ಕೊಟ್ಟರೆ ಅದೂ ಸುಮ್ಮನೆ ತಿರುಗಿಬೀಳುತ್ತದೆ. ತಣ್ಣಗಾಗಬೇಕಾದ ಮುಖ ಕಾಯುತ್ತದೆ. ಸೆನ್ಸರು ಕಾದ ಬಾಣಲೆಯಂತಾಯಿತು. ಫೋಟೋದಲ್ಲಿ ಅತ್ತೆ ಮರಳುಗಾಡಿನ ಬಿರುಗಾಳಿಯಲ್ಲಿ ದಾರಿ ತಪ್ಪಿದವರಂತೆ ಕಂಡರು. ಎರಡನೆಯ ಸಲ ವೈರು ಸರಿಯಾಯಿತು, ತಂಪೂ ಏರಿತು. ಫ್ರಿಜ್ಜಿನವನಿಗೆ ತಂಪು ಹೆಚ್ಚಾಯಿತು ಎಂಬ ಮಾತು ಎಲ್ಲಿಯದು, ಅವನು ಏರಿಸುತ್ತಲೇ ಹೋದ. ಗಾಳಿಯ ತೇವವೆಲ್ಲ ಬಂದು ಸೆನ್ಸರಿನ ಗಾಜಿನ ಮೇಲೆ ಇಬ್ಬನಿಯಾಗಿ ಕೂತಿತು. ಈ ಸಲ ಅತ್ತೆ ಮೋಡದಲ್ಲಿದ್ದರು. “ಅಳಿಯಂದಿರೇ, ನಾನು ಆಗಲೇ ಮೇಲೆ ಹೋಗಿ ತಲುಪಿದ ಹಾಗಿದೆಯಲ್ಲ,” ಎಂದರು. ಮೂರನೆಯ ಸಲ ಎಲ್ಲ ಸರಿಯಿತ್ತು, ಆದರೆ ನಿಮಿಷದ ನಡುವೆ ಅತ್ತೆ ನಾಲ್ಕು ಸಲ “ಆಯ್ತಾ?” ಎಂದು ಕೇಳಿದ್ದರು. ಹೊಳೆಯುವ ಎರಡು ಕಣ್ಣು, ನೆಟ್ಟಗಿನ ಮೂಗು ಬಂದಿತ್ತು. ಬಾಯಿ ಇರಬೇಕಾದ ಕಡೆ ಬಟ್ಟೆಯಲ್ಲಿ ಒರೆಸಿದಂಥ ಒಂದು ಕಲೆ. ಅಷ್ಟರಲ್ಲಿ ಇಬ್ಬನಿಯೂ ಮತ್ತೆ ಇಳಿಯಿತು, ಬಿಲ್ಲೆಯೂ ಹೊಗೆಯಾಡಿತು.

ಶುಕ್ರವಾರ ಮಧ್ಯಾಹ್ನ ತಂಪಣ್ಣ ಕೆದರಿದ ತಲೆಯಲ್ಲಿ, ನಿದ್ದೆಗೆಟ್ಟ ಕೆಂಪು ಕಣ್ಣಿನಲ್ಲಿ ಬಿಡಿಭಾಗದ ಅಂಗಡಿಗೆ ಓಡಿದ. ಹಿಂದೊಮ್ಮೆ ಅವನು ಇದೇ ಅವತಾರದಲ್ಲಿ ಬಂದದ್ದು ಪೆಟ್ಟಿಗೆಯೊಳಗೆ ಹೆಣವಿದ್ದಾಗ ಫ್ಯಾನು ಕೆಟ್ಟುಹೋದ ದಿನ. ಅಂಗಡಿಯವನಿಗೆ ಅದು ಚೆನ್ನಾಗಿ ನೆನಪಿತ್ತು. ಯಾರ ಮನೆಯಲ್ಲಿ, ಎಂದು ಮೆಲ್ಲಗೆ ಕೇಳಿದ.

“ನಮ್ಮ ಮನೆಯಲ್ಲೇ. ಅತ್ತೆಗೆ,” ಎಂದ ತಂಪಣ್ಣ, ಕಣ್ಣು ಬಿಲ್ಲೆಗಳ ಡಬ್ಬಿಯ ಮೇಲಿಟ್ಟುಕೊಂಡು. “ನಾಳೆ ಒಂದು ದಿನ ತಣ್ಣಗೆ ನಿಂತ್ರೆ ಸಾಕು. ಮುಖ ಒಂದು ಚೆನ್ನಾಗಿರಬೇಕು.”

ಅಂಗಡಿಯವನ ಕೈ ಡ್ರಾಯರಿನಲ್ಲೇ ನಿಂತಿತು. ನಿಮ್ಮದೇ ಪೆಟ್ಟಿಗೆ ಇದೆಯಲ್ಲ ಎಂದ. ಅದು ಇದಕ್ಕೆ ತುಂಬಾ ದೊಡ್ಡದಾಯಿತು ಎಂದ ತಂಪಣ್ಣ. ನೆಂಟರೆಲ್ಲ ಬಂದರೇ ಎಂದು ಅವನು ಕೇಳಿದ್ದಕ್ಕೆ, ಭಾವ ನಾಳೆ ಬೆಳಿಗ್ಗೆ ಫ್ರೇಮು ತರುತ್ತಾರೆ ಎಂದ. ಅಂಗಡಿಯವನು ಬಿಲ್ಲೆಯನ್ನು ಕಾಗದದಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ದುಡ್ಡು ಮುಟ್ಟಲಿಲ್ಲ. ಒಂದು ಸ್ಕ್ರೂ ಕೂಡ ಸಾಲ ಕೊಡದ ಮನುಷ್ಯ ಅವನು. ತಂಪಣ್ಣನಿಗೆ ಅಚ್ಚರಿಯಾಯಿತು, ಆದರೆ ಬಂದ ಭಾಗ್ಯವನ್ನು ಪ್ರಶ್ನೆ ಕೇಳಿ ಕಳೆದುಕೊಳ್ಳುವ ಜಾತಿಯಲ್ಲ ಅವನದು.

ಅಲ್ಲಿಂದ ಅವನು ತೇವ ಹೀರುವ ಪೊಟ್ಟಣಗಳಿಗಾಗಿ ಹೊರಟ. ಹೊಸ ಚಪ್ಪಲಿಯ ಡಬ್ಬಿಯಲ್ಲಿ, ಮಾತ್ರೆಯ ಸೀಸೆಯಲ್ಲಿ ಇರುತ್ತವಲ್ಲ, ತಿನ್ನಬಾರದು ಎಂದು ಬರೆದ ಪುಟ್ಟ ಪೊಟ್ಟಣಗಳು. ಅವನ್ನು ಸೆನ್ಸರಿನ ಸುತ್ತ ತುಂಬಿದರೆ ಇಬ್ಬನಿ ಕೂರುವುದಿಲ್ಲ. ಅವನ ಕಾಲಿಗಿಂತ ಸುದ್ದಿಯ ಕಾಲು ಉದ್ದ. ಚಪ್ಪಲಿ ಅಂಗಡಿಗೆ ಹೋಗುವಷ್ಟರಲ್ಲಿ ಅಲ್ಲಿನವನು ಎದ್ದು ನಿಂತಿದ್ದ. ಕೇಳಿದ್ದಕ್ಕೆ ತುಟಿಪಿಟಿಕ್ಕೆನ್ನದೆ ಅಷ್ಟೂ ಡಬ್ಬಿಗಳ ಪೊಟ್ಟಣ ತೆಗೆದು ಕೊಟ್ಟ. ಔಷಧಿ ಅಂಗಡಿಯವನು ತಂಪಣ್ಣನ ಕೈಯನ್ನು ಸುಮ್ಮನೆ ಒತ್ತಿ, ಧೈರ್ಯ ತಂದುಕೊಳ್ಳಿ ಎಂದ. ನಾಟಕದ ಮಂಡಳಿಯವರ ಹತ್ತಿರ ಕಪ್ಪು ಪರದೆ ಕೇಳಿದರೆ ಅವರು ಠೇವಣಿ ಬೇಡವೆಂದದ್ದಲ್ಲದೆ, ಪಾಪ ಒಳ್ಳೆಯ ಜೀವ ಎಂದು ಕಣ್ಣೊರೆಸಿಕೊಂಡರು. ತನ್ನನ್ನೇ ಅಂದರು ಎಂದುಕೊಂಡ ತಂಪಣ್ಣ ನಾಚಿ ತಲೆ ತಗ್ಗಿಸಿದ. ಮನೆಗೆ ಬಂದು ಹೆಂಡತಿಗೆ ಹೇಳಿದ: ನಮ್ಮ ಊರನ್ನು ನಾವು ಇಷ್ಟು ದಿನ ಸುಮ್ಮನೆ ಬೈಯುತ್ತಿದ್ದೆವು, ವಿಜ್ಞಾನವೆಂದರೆ ಜನಕ್ಕೆ ಎಷ್ಟು ಭಕ್ತಿ.

ಶನಿವಾರ ಬೆಳಿಗ್ಗೆ ಅವನ ಮನೆಯ ಕಿಟಕಿಗಳಿಗೆಲ್ಲ ಕಪ್ಪು ಪರದೆ ಬಿತ್ತು. ಬೀದಿಗೆ ಅಷ್ಟು ಸಾಕಾಯಿತು.

ಎದುರುಮನೆಯಲ್ಲಿ ಹೊಲಿಗೆಯ ಮೆಷೀನು ನಿಂತಿತು. ಆ ಮನೆಯ ದರ್ಜಿಯಮ್ಮನಿಗೂ ಅತ್ತೆಗೂ ಮಾತು ನಿಂತು ವರ್ಷಗಳಾಗಿದ್ದವು. ಕಾರಣ ಒಂದು ಕೋಟು. ಅತ್ತೆಯ ನಿವೃತ್ತಿಯ ದಿನಕ್ಕೆಂದು ದರ್ಜಿಯಮ್ಮ ಹೊಲಿದುಕೊಟ್ಟ ಆ ಕೋಟಿನ ಬಲತೋಳು ಗಿಡ್ಡವಾಗಿತ್ತು. ಅತ್ತೆ ಹಾಗೆಂದು ಹೇಳಿದರು. ಅಳತೆ ತಪ್ಪಿಲ್ಲ, ಮಕ್ಕಳನ್ನು ಎಳೆದೂ ಎಳೆದೂ ನಿಮ್ಮ ಬಲಗೈಯೇ ಉದ್ದವಾಗಿದೆ ಎಂದು ದರ್ಜಿಯಮ್ಮ ವಾದಿಸಿದಳು. ಅಂದಿನಿಂದ ಇಬ್ಬರೂ ಎದುರಾದಾಗ ಒಬ್ಬರು ಆಕಾಶ ನೋಡುತ್ತಿದ್ದರು, ಇನ್ನೊಬ್ಬರು ಚರಂಡಿ ನೋಡುತ್ತಿದ್ದರು. ಆದರೆ ಅತ್ತೆಯ ಕೋಣೆಯ ದೀಪ ಹೊತ್ತಿದ ಮೇಲೇ ದರ್ಜಿಯಮ್ಮ ತನ್ನ ದೀಪ ಹಚ್ಚುತ್ತಿದ್ದಳು. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಮುಖ ತೊಳೆದು, ಬೀದಿ ದಾಟಿದಳು.

ಒಳಗೆ ಏರ್ಪಾಡು ಭಾರಿಯಾಗಿತ್ತು. ಮೂಲೆಯಲ್ಲಿ ಬಟ್ಟೆ ಹೊದಿಸಿದ ಒಂದು ಪುಟ್ಟ ಬಲ್ಬು. ನಡುವೆ ಕುರ್ಚಿಯಲ್ಲಿ ಅತ್ತೆ, ಬಿಳಿ ಬಟ್ಟೆಯಲ್ಲಿ. ತಲೆ ಅಲುಗದಂತೆ ಬೆನ್ನ ಹಿಂದೊಂದು ಮರದ ಹಲಗೆ. ಎದುರಿಗೆ ಕ್ಯಾಮೆರಾ. ಅದರ ಮಿಣುಕು ದೀಪದ ಬೆಳಕು ಅತ್ತೆಯ ಕಣ್ಣಿಗೆ ಬೀಳಬಾರದೆಂದು ಕ್ಯಾಮೆರಾ ಸಮೇತ ತಂಪಣ್ಣನೂ ಕಪ್ಪು ಬಟ್ಟೆಯಡಿ ಹೊಕ್ಕಿದ್ದ. ವೈರಿನ ಬೆಸುಗೆ ಗಟ್ಟಿ ನಿಂತಿರಲಿಲ್ಲ. ಎರಡು ತುದಿಗಳನ್ನು ಅವನೇ ಬೆರಳಲ್ಲಿ ಒತ್ತಿ ಹಿಡಿದಿರಬೇಕಿತ್ತು. ಬಿಟ್ಟರೆ ತಂಪು ಹೋಯಿತು. ಇದ್ದ ಒಂದೇ ಬಿಲ್ಲೆ ಅದು, ಅದರ ವಾಸನೆಯೂ ಆಗಲೇ ಸರಿಯಿರಲಿಲ್ಲ. ಬೆಳಗಿನಿಂದ ಎರಡು ಸಲ ತೆಗೆದಾಗಿತ್ತು. ಒಂದರಲ್ಲಿ ಅತ್ತೆ ಕಾಫಿ ಕೇಳಿದ್ದರು, ಇನ್ನೊಂದರಲ್ಲಿ ಅಳಿಯನಿಗೆ ಬಟ್ಟೆಯೊಳಗೆ ಉಸಿರಾಡಲು ಆಗುತ್ತಿದೆಯೇ ಎಂದು ವಿಚಾರಿಸಿದ್ದರು. ಎರಡರಲ್ಲೂ ಬಾಯಿ ಇರಲಿಲ್ಲ.

“ಅತ್ತೆ, ಇದು ಕೊನೇದು,” ಎಂದ ತಂಪಣ್ಣ ಬಟ್ಟೆಯೊಳಗಿಂದ. “ಇದು ಹೋದ್ರೆ ಗೋಡೆ ಮೇಲೆ ಪೇಂಟ್ ಸಾಹುಕಾರರು ಕೂರ್ತಾರೆ. ಏನೇ ಆಗ್ಲಿ, ಮನೆಗೆ ಬೆಂಕಿ ಬಿದ್ರೂ, ನಾನು ಹೇಳೋವರೆಗೆ ಬಾಯಿ ಬಿಡಬೇಡಿ.”

“ಆ ಮನುಷ್ಯ ಹುಟ್ಟಿದಾಗಲೂ ಹೀಗೇ, ಎಲ್ಲರಿಗಿಂತ ಮೊದಲು ಬರಬೇಕು ಅಂತ ಎಂಟು ತಿಂಗಳಿಗೇ ಬಂದ,” ಎಂದು ಅತ್ತೆ ಶುರುಮಾಡಿ, ತಾವೇ ನಿಲ್ಲಿಸಿಕೊಂಡು ಕಣ್ಣು ನೆಟ್ಟರು.

ಬಾಗಿಲು ಕಾಯಬೇಕಾದವಳು ತಂಪಣ್ಣನ ಹೆಂಡತಿ. ಅದೇ ಹೊತ್ತಿಗೆ ಅವಳ ಅಕ್ಕ ಬರುವ ದಾರಿಯಿಂದಲೇ ಫೋನು ಮಾಡಿ ಗೊಳೋ ಎಂದು ಅಳುತ್ತಿದ್ದಳು. ಅಮ್ಮ ಎಲ್ಲಿ ಎಂದು ಕೇಳಿದ್ದಕ್ಕೆ ಇವಳು, ಒಳಗೆ ಕುರ್ಚಿಯಲ್ಲಿ ಕೂರಿಸಿದ್ದೀವಿ, ಹಲಗೆ ಕೊಟ್ಟಿದ್ದೀವಿ, ಅಲುಗಾಡಲ್ಲ ಎಂದಳು. ಆ ಕಡೆಯಿಂದ ಕಿವಿ ಹರಿಯುವ ಕೂಗು ಬಂತು. ಒಳಗಿನ ಫೋಟೋಕ್ಕೆ ತೊಂದರೆಯಾದೀತೆಂದು ಅವಳು ಫೋನು ಹಿಡಿದು ಹಿತ್ತಲಿಗೆ ಓಡಿದಳು. ಮುಂಬಾಗಿಲು ಬರೀ ಒರಗಿಕೊಂಡಿತ್ತು.

ತಂಪಣ್ಣ ಗುಂಡಿ ಒತ್ತಿ ಎಣಿಸತೊಡಗಿದ. ಒಂಬತ್ತಕ್ಕೆ ಬರುವಷ್ಟರಲ್ಲಿ ಬಾಗಿಲು ಕಿರ್ರೆಂದಿತು. ತೆಳ್ಳಗಿನ ಬೆಳಕಿನ ಗೆರೆಯೊಂದು ಒಳಬಂದು ಅತ್ತೆಯ ಕೆನ್ನೆಯ ಮೇಲೆ ನಿಂತಿತು. ಮುಂದೆ ದರ್ಜಿಯಮ್ಮ, ಅವಳ ಹಿಂದೆ ಬಿಡಿಭಾಗದಂಗಡಿಯವನು, ಅವನ ಹಿಂದೆ ಜನನ ಮರಣ ನೋಂದಣಿಯ ಗುಮಾಸ್ತ. ತನ್ನ ಊರಿನ ಸಾವೊಂದು ಬರೆಸಿಕೊಳ್ಳದೆ ಉಳಿಯಿತು ಎಂದಾಗಬಾರದೆಂದು ಕಚೇರಿಗೆ ರಜೆಯಿದ್ದರೂ ಮೊಹರು ಜೇಬಿನಲ್ಲಿಟ್ಟುಕೊಂಡು ಬಂದಿದ್ದ.

ಮೂವರೂ ನಿಂತಲ್ಲೇ ನಿಂತರು. ಕಪ್ಪು ಪರದೆ, ಬಿಳಿ ಬಟ್ಟೆ, ಬೆನ್ನಿಗೆ ಹಲಗೆ, ಎದುರಿನ ಕಪ್ಪು ಗುಡ್ಡೆಯಿಂದ ಫ್ರಿಜ್ಜಿನಂತೆ ಗುಂಯ್ಗುಟ್ಟುವ ಸದ್ದು, ತಣ್ಣನೆ ಗಾಳಿ. ಇನ್ನೂ ಪುರಾವೆ ಬೇಕೇ? ಗುಮಾಸ್ತ ಟೋಪಿ ತೆಗೆದ.

ಬಟ್ಟೆಯಡಿಯ ತಂಪಣ್ಣನಿಗೆ ಕಾಲುಗಳಷ್ಟೇ ಕಾಣುತ್ತಿದ್ದವು. ಕೂಗೋಣವೆಂದರೆ ಅತ್ತೆ ತಿರುಗಿಬಿಡುತ್ತಾರೆ, ಹೊರಬರೋಣವೆಂದರೆ ವೈರು ಬಿಡಬೇಕು. ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವನಂತೆ ಅವನು ಎಣಿಸುತ್ತ ಹೋದ. ಹದಿನೇಳು. ಹದಿನೆಂಟು.

ದರ್ಜಿಯಮ್ಮ ಬಂದು ಅತ್ತೆಯ ಕಾಲ ಬಳಿ ಕುಸಿದು ಕೂತಳು.

“ಹೋಗಿಬಿಟ್ರಲ್ಲ ನರ್ಸಮ್ಮ,” ಎಂದಳು. “ಇನ್ನು ಮೇಲೆ ನಾನು ಯಾರ ಮೇಲೆ ಮುನಿಸಿಕೊಳ್ಳಲಿ? ಬೇರೆ ಯಾರ ಮೇಲೆ ಮುನಿಸಿಕೊಂಡರೂ ನನಗೆ ರುಚಿ ಹತ್ತಲ್ಲ.”

ಅತ್ತೆಯ ಕಿವಿ ಇದನ್ನು ಕೇಳಿತು. ಹೋದದ್ದು ಯಾರು ಎಂದು ತಿಳಿಯಲು ಅವರಿಗೆ ಎರಡು ಸೆಕೆಂಡು ಬೇಕಾಯಿತು. ತಿಳಿದಾಗ ಅವರ ಬಾಯಿ ಇನ್ನೇನು ತೆರೆಯುವುದರಲ್ಲಿತ್ತು, ಇಪ್ಪತ್ತೊಂಬತ್ತನೆಯ ಸೆಕೆಂಡಿನಲ್ಲಿ ಫೋಟೋ ಹೋಗುವುದರಲ್ಲಿತ್ತು. ಅಷ್ಟರಲ್ಲಿ ದರ್ಜಿಯಮ್ಮ ಮೂಗೊರೆಸಿಕೊಂಡು ಅಂದಳು:

“ಎಲ್ಲರ ಎದುರಿಗೂ ಹೇಳ್ತೀನಿ. ತೋಳು ಗಿಡ್ಡ ಇತ್ತು. ಬಟ್ಟೆ ಸಾಲದೆ ನಾನೇ ಕತ್ತರಿಸಿದ್ದು. ನಿಮ್ಮ ಕೈಯದ್ದೇನೂ ತಪ್ಪಿರಲಿಲ್ಲ.”

ಅತ್ತೆಯ ತುಟಿ ಮುಚ್ಚಿತು. ಅವರ ಜೀವಮಾನದಲ್ಲಿ ತುಟಿಗಳು ಅಷ್ಟು ಬಿಗಿಯಾಗಿ, ಅಷ್ಟು ಸುಖವಾಗಿ ಮುಚ್ಚಿದ್ದೇ ಇಲ್ಲ. ಈಗ ಉಸಿರೆತ್ತಿದರೆ ಇವಳು ಮುಂದಿನದು ಹೇಳದೆ ನಿಲ್ಲಿಸಿಬಿಡುತ್ತಾಳೆ. ಅತ್ತೆ ಒಂದಕ್ಷರವೂ ತಪ್ಪಿಹೋಗದಂತೆ ಮೈಯೆಲ್ಲ ಕಿವಿಯಾಗಿ ಕೂತರು. ಕಣ್ಣು ಮಾತ್ರ ದೀಪದಂತೆ ಉರಿಯತೊಡಗಿತು. ದರ್ಜಿಯಮ್ಮ ಮುಂದುವರಿಸಿದಳು. ತನ್ನ ಮಗಳ ಹೆರಿಗೆಯಲ್ಲಿ ನರ್ಸಮ್ಮ ಹಿಡಿದ ಕೈ ಬಿಡದೆ ಕೂತಿದ್ದು, ಅಂಥವರ ಕೈಗೇ ತಾನು ಹೆಸರಿಟ್ಟದ್ದು, ಕ್ಷಮಿಸಿ ಎನ್ನಲು ಬೀದಿಯ ನಡುವಿನವರೆಗೆ ಬಂದು ವಾಪಸು ಹೋದದ್ದು. ನಲವತ್ತೊಂದು. ನಲವತ್ತೆರಡು. ಹಿಂದೆ ನಿಂತ ಗುಮಾಸ್ತ ಕರವಸ್ತ್ರಕ್ಕೆ ಕೈ ಹಾಕಿ ಮೊಹರು ಹೊರತೆಗೆದು, ಅದರಿಂದಲೇ ಕಣ್ಣೊರೆಸಿಕೊಂಡ. ಅವನ ಕೆನ್ನೆಯ ಮೇಲೆ ನೀಲಿಯಾಗಿ ದಾಖಲಾಯಿತು.

ಆಗ ದರ್ಜಿಯಮ್ಮ ತಲೆಯೆತ್ತಿ ನೋಡಿದಳು.

“ಅಯ್ಯೋ, ಕಣ್ಣು ಹಾಗೇ ಬಿಟ್ಟಿದ್ದಾರಲ್ಲ,” ಎಂದಳು. “ಮನೆಯವರು ಯಾರೂ ಮುಚ್ಚಲೇ ಇಲ್ಲವಾ?”

ಹಾಗೆನ್ನುತ್ತ ಎದ್ದು, ಬಲಗೈಯ ಎರಡು ಬೆರಳನ್ನು ಮೆಲ್ಲಗೆ ಅತ್ತೆಯ ರೆಪ್ಪೆಗಳ ಕಡೆ ಚಾಚಿದಳು.

ಯಾವ ಕಣ್ಣು ತೆರೆಸಲು ತಂಪಣ್ಣ ಊರೆಲ್ಲ ಅಲೆದಿದ್ದನೋ, ಬೆರಳು ಕೊಯ್ದುಕೊಂಡಿದ್ದನೋ, ಹೆಂಡತಿಯ ಕೈಲಿ ಬೈಸಿಕೊಂಡಿದ್ದನೋ, ಆ ಕಣ್ಣು ಇನ್ನೊಂದು ಕ್ಷಣದಲ್ಲಿ ಶಾಸ್ತ್ರೋಕ್ತವಾಗಿ ಮುಚ್ಚಿಹೋಗುವುದರಲ್ಲಿತ್ತು. ಐವತ್ತೆರಡು. ಅವನಿಂದ ತಡೆಯಲಾಗಲಿಲ್ಲ.

“ಮುಚ್ಚಬೇಡಿ,” ಎಂದು ಕಪ್ಪು ಗುಡ್ಡೆ ಗರ್ಜಿಸಿತು. “ಇನ್ನೂ ಎಂಟು ಸೆಕೆಂಡು ಇದೆ.”

ಸಾವಿಗೂ ಇಷ್ಟು ಕಟ್ಟುನಿಟ್ಟಾದ ವೇಳಾಪಟ್ಟಿ ಇರುತ್ತದೆಂದು ಗುಮಾಸ್ತನಿಗೆ ಇಲಾಖೆಯಲ್ಲಿ ಯಾರೂ ಹೇಳಿರಲಿಲ್ಲ. ಅವನು ಹಿಂದಕ್ಕೆ ನೆಗೆದು ಅಂಗಡಿಯವನ ಮೇಲೆ ಬಿದ್ದ. ಇಬ್ಬರೂ ಹೊಸ್ತಿಲ ಮೇಲೆ ಕೂತರು. ದರ್ಜಿಯಮ್ಮನ ಕೈ ಗಾಳಿಯಲ್ಲೇ ನಿಂತಿತು. ಅತ್ತೆ ಮಾತ್ರ ಅಲುಗಲಿಲ್ಲ. ಎಂಟು ಸೆಕೆಂಡು ಆ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಆಮೇಲೆ ಬಟ್ಟೆಯೊಳಗಿಂದ ಟಕ್ ಎಂದಿತು,  ಅದರ ಹಿಂದೆಯೇ ಚಟ್ ಎಂದಿತು, ಸುಟ್ಟ ವಾಸನೆಯ ಜೊತೆಗೆ ತಂಪಣ್ಣನೂ ಹೊರಬಂದ.

ಅತ್ತೆ ದರ್ಜಿಯಮ್ಮನ ಕೈ ಹಿಡಿದು ಕೆಳಗಿಳಿಸಿದರು.

“ತೋಳಿನ ವಿಷಯ ಹೇಳಿದೆಯಲ್ಲ, ಅದೊಂದು ಇನ್ನೊಂದು ಸಲ ಹೇಳು. ನನ್ನ ಮಗಳು ಹಿತ್ತಲಲ್ಲಿದಾಳೆ, ಅವಳೂ ಕೇಳಲಿ.”

ದರ್ಜಿಯಮ್ಮ ಒಂದು ಸಲ ಕಿರುಚಿದಳು. ಆಮೇಲೆ ಅತ್ತೆಯ ಕೆನ್ನೆ ಮುಟ್ಟಿ ನೋಡಿದಳು, ಬೆಚ್ಚಗಿತ್ತು. ಆಮೇಲೆ ಅವಳಿಗೆ ಸಿಟ್ಟು ಬಂತು.

“ಬದುಕಿದ್ದೂ ಸುಮ್ಮನೆ ಕೂತಿದ್ರಾ? ನಾಚಿಕೆ ಆಗಲ್ವಾ ನಿಮಗೆ?”

“ಫೋಟೋ ಕಣೇ,” ಎಂದರು ಅತ್ತೆ. “ಅಳಿಯಂದಿರ ಆಜ್ಞೆ.”

ಅಷ್ಟೊತ್ತಿಗೆ ಬೀದಿಯಲ್ಲಿ ಕಾರು ನಿಂತು ದೊಡ್ಡ ಡಾಕ್ಟರಮ್ಮ ಧಾವಿಸಿ ಬಂದರು. ಅವರಿಗೂ ಸುದ್ದಿ ಮುಟ್ಟಿತ್ತು. ಕಣ್ಣಿಗೆ ಕಂಡದ್ದನ್ನು ನಂಬದೆ ಮೊದಲು ಅತ್ತೆಯ ಮಣಿಕಟ್ಟು ಹಿಡಿದರು. “ಬೆರಳು ಇನ್ನಷ್ಟು ಈ ಕಡೆ,” ಎಂದು ಅತ್ತೆ ತಿದ್ದಿದರು. “ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದೆ.” ಡಾಕ್ಟರಮ್ಮ ನಗುತ್ತ ನಗುತ್ತ ಅಲ್ಲೇ ಕೂತುಬಿಟ್ಟರು. ಅವರ ಹಿಂದೆಯೇ ಭಾವ ಫ್ರೇಮು ಬಗಲಲ್ಲಿಟ್ಟುಕೊಂಡು, ಅಳುವ ಹೆಂಡತಿಯನ್ನು ಹಿಡಿದುಕೊಂಡು ಬಂದರು. ದೊಡ್ಡ ಮಗಳು ಅಮ್ಮನನ್ನು ಅಪ್ಪಿಕೊಂಡು ಇನ್ನೂ ಜೋರಾಗಿ ಅತ್ತಳು, ಬಂದ ಅಳುವನ್ನು ಸುಮ್ಮನೆ ವಾಪಸು ಕಳಿಸಲಾಗುವುದಿಲ್ಲವಲ್ಲ. ಸಾವು ಬರೆದುಕೊಳ್ಳಲು ಬಂದ ಗುಮಾಸ್ತ ಎಲ್ಲರಿಗೂ ಕಾಫಿಯ ಲೋಟ ಹಂಚುವ ಕೆಲಸಕ್ಕೆ ಬಿದ್ದ.

ಕಂಪ್ಯೂಟರಿನ ಪರದೆಯ ಮೇಲೆ ಫೋಟೋ ಬಂದಾಗ ಎಲ್ಲರೂ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ನೋಡಿದರು. ಒಂದು ಮರಳಿನ ಕಣವಿಲ್ಲ. ಹಿಂದಿನ ಕತ್ತಲು ಕಾಡಿಗೆಯಷ್ಟು ಶುದ್ಧವಾಗಿತ್ತು. ಬಂದು ಹೋಗಿ, ಕೂತು ಎದ್ದು, ಅತ್ತು ಅಲುಗಾಡಿದ ಮೂವರ ಗುರುತೂ ಇರಲಿಲ್ಲ. ಹೆಣದಂತೆ ಕೂತಿದ್ದ ಒಬ್ಬರೇ ಜೀವಂತ ಮೂಡಿದ್ದರು. ಬಿಗಿದ ತುಟಿಯ ಅಂಚಿನಲ್ಲಿ ಒಂದು ಗೆಲುವು. ಎರಡೂ ಕಣ್ಣು ಪೂರ್ತಿ ತೆರೆದು, ಈಗಷ್ಟೇ ಒಂದು ಒಳ್ಳೆಯ ಸುದ್ದಿ ಕೇಳಿದವರಂತೆ ಹೊಳೆಯುತ್ತಿದ್ದವು.

ಭಾವ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. ಕೆನ್ನೆಯ ಮೇಲಿನ ಆ ಬಾಗಿಲ ಬೆಳಕಿದೆಯಲ್ಲ, ಅದೇ ಇದರ ಜೀವಾಳ, ತಂಪಿನದೇನೂ ಇಲ್ಲ ಎಂದರು. ತಂಪಿಲ್ಲದಿದ್ದರೆ ಬಾಗಿಲೂ ಮರಳಾಗಿ ಬರುತ್ತಿತ್ತು ಎಂದ ತಂಪಣ್ಣ. ಬಾಗಿಲು ತೆರೆದವಳು ನಾನು ಎಂದಳು ದರ್ಜಿಯಮ್ಮ. ಮೂವರೂ ವಾದಿಸುತ್ತಿರುವಾಗಲೇ ಡಾಕ್ಟರಮ್ಮ ಫೋಟೋವನ್ನು ಮುದ್ರಿಸಲು ಕಳಿಸಿಯಾಗಿತ್ತು.

ಮರುದಿನ ಅದು ಗೋಡೆಗೇರಿತು. ಪೇಂಟ್ ಸಾಹುಕಾರರ ಫೋಟೋವನ್ನು ಔಷಧಿಯ ಕೋಣೆಯ ಬಳಿ ಹಾಕಿದರು. ಹೊಸ ವಾರ್ಡಿನಲ್ಲಿ ಹೆರಿಗೆಗೆ ಬಂದ ಮೊದಲ ಹುಡುಗಿ, ನೋವಿನ ನಡುವೆ ಮೇಲೆ ನೋಡಿ, ಈ ಅಜ್ಜಿ ನನ್ನನ್ನೇ ನೋಡ್ತಾ ಇದಾರೆ, ಏನೋ ಒಳ್ಳೇದು ಗೊತ್ತಿರೋ ಹಾಗೆ, ಎಂದಳಂತೆ.

ತಂಪಣ್ಣನ ಕೊನೆಯ ಬಿಲ್ಲೆ ಸೀಳಿಹೋಗಿತ್ತು, ಸೆನ್ಸರು ಕರಕಲಾಗಿತ್ತು. ಕ್ಯಾಮೆರಾ ಮತ್ತೆ ಉಸಿರಾಡಲಿಲ್ಲ. ರಿಪೇರಿಗೆ ಬಂದ ಎರಡು ಫ್ರಿಜ್ಜಿನ ಗಿರಾಕಿಗಳು ಕಾದು ಕಾದು ಬೇರೆಯವರ ಹತ್ತಿರ ಹೋದರು. ಹೋದದ್ದು ಇಷ್ಟು. ಬಂದದ್ದು ಒಂದು ಫೋಟೋ, ಮತ್ತೆ ದಿನಾ ಸಂಜೆ ಎದುರುಮನೆಯ ಮೆಟ್ಟಿಲ ಮೇಲೆ ಕೂತು ಅತ್ತೆಗೆ ಜಗಳವಾಡಲು ಒಬ್ಬ ಗೆಳತಿ.